ಥರ್ಮಾಮೀಟರ್ ಸರಿಯಿದೆ ಎಂದು ಹೇಗೆ ಗೊತ್ತು? ತಾಂತ್ರಿಕ ವಿದ್ಯಾರ್ಥಿಗಳಿಗೆ ವಿಜ್ಞಾನದ ತತ್ತ್ವಶಾಸ್ತ್ರ

ತಾಂತ್ರಿಕ ವಿಷಯಗಳನ್ನು ಓದುವವರಿಗೆ ವಿಜ್ಞಾನದ ತತ್ತ್ವಶಾಸ್ತ್ರವನ್ನು ಪರಿಚಯಿಸುವಾಗ ಸಾಮಾನ್ಯವಾಗಿ ಹಿಡಿಯುವ ದಾರಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಬೇಕನ್‌ನಿಂದ ಹೊರಟು ಹ್ಯೂಮ್, ಪಾಪರ್, ಕೂನ್ ಎಂದು ಹೆಸರುಗಳ ಮೆರವಣಿಗೆ ಸಾಗುತ್ತದೆ; ಒಬ್ಬೊಬ್ಬರಿಗೂ ಒಂದೊಂದು ಪಾರಿಭಾಷಿಕ ಪದ ಅಂಟಿಕೊಳ್ಳುತ್ತದೆ; ಆ ಪದಗಳನ್ನು ಸರಿಯಾದ ಹೆಸರಿನ ಮುಂದೆ ಬರೆದವರಿಗೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಮರುದಿನ ಅದೇ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆ ಹೋಗಿ, ಗ್ರಾಫಿನಲ್ಲಿ ಹೊಂದಿಕೆಯಾಗದ ಎರಡು ಬಿಂದುಗಳನ್ನು ಸದ್ದಿಲ್ಲದೆ ಕೈಬಿಟ್ಟು, ಉಳಿದವುಗಳ ನಡುವೆ ಸರಳರೇಖೆ ಎಳೆಯುತ್ತಾರೆ. ಹಿಂದಿನ ದಿನ ಓದಿದ್ದಕ್ಕೂ ಈ ಕೆಲಸಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನನ್ನ ವಾದ ಇಷ್ಟೇ. ಯಾವುದೇ ತಾಂತ್ರಿಕ ಹೇಳಿಕೆಯಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಹೇಳಿಕೆ: ಈ ತೊಲೆ ಇಷ್ಟು ಭಾರ ತಡೆಯುತ್ತದೆ, ಈ ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡುತ್ತದೆ, ಈ ದ್ರವದ ಉಷ್ಣತೆ ಇಷ್ಟಿದೆ. ಇನ್ನೊಂದು, ಆ ಹೇಳಿಕೆ ಯಾವ ಆಧಾರದ ಮೇಲೆ ನಿಂತಿದೆ ಮತ್ತು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದು. ನಮ್ಮ ಪಠ್ಯಕ್ರಮಗಳು ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತವೆ. ಎರಡನೆಯದನ್ನು ವಿದ್ಯಾರ್ಥಿ ತಾನಾಗಿಯೇ ಗ್ರಹಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತವೆ. ತತ್ತ್ವಶಾಸ್ತ್ರದ ಕೆಲಸ ಶುರುವಾಗುವುದು ಈ ಎರಡನೆಯ ಭಾಗದಲ್ಲಿ. ಆದ್ದರಿಂದ ಅದನ್ನು ತತ್ತ್ವಜ್ಞಾನಿಗಳ ಹೆಸರುಗಳಿಂದಲ್ಲ, ವಿದ್ಯಾರ್ಥಿಯ ಕೈಯಲ್ಲೇ ಇರುವ ಉಪಕರಣದಿಂದ ಆರಂಭಿಸುವುದು ಒಳ್ಳೆಯದು.

ಥರ್ಮಾಮೀಟರನ್ನೇ ತೆಗೆದುಕೊಳ್ಳೋಣ. ಪಾದರಸ ಬಿಸಿಯಾದಂತೆ ಹಿಗ್ಗುತ್ತದೆ, ಹಿಗ್ಗಿದ ಪ್ರಮಾಣವನ್ನು ನಾವು ಉಷ್ಣತೆ ಎಂದು ಓದುತ್ತೇವೆ. ಆದರೆ ಪಾದರಸ ಸಮಪ್ರಮಾಣದಲ್ಲಿ ಹಿಗ್ಗುತ್ತದೆ ಎಂದು ಗೊತ್ತಾದದ್ದು ಹೇಗೆ? ಬೇರೆ ಬೇರೆ ಉಷ್ಣತೆಗಳಲ್ಲಿ ಅದರ ಗಾತ್ರವನ್ನು ಅಳೆದು ನೋಡಬೇಕು. ಹಾಗೆ ನೋಡಲು ಉಷ್ಣತೆ ಎಷ್ಟೆಂದು ಮೊದಲೇ ಗೊತ್ತಿರಬೇಕು, ಅದಕ್ಕೆ ಸರಿಯಾದ ಥರ್ಮಾಮೀಟರ್ ಬೇಕು, ಆ ಥರ್ಮಾಮೀಟರ್ ಸರಿಯಿದೆ ಎನ್ನಲು ಮತ್ತೆ ಪಾದರಸ ಸಮನಾಗಿ ಹಿಗ್ಗುತ್ತದೆ ಎಂದು ಗೊತ್ತಿರಬೇಕು. ತರಗತಿಯಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟಾಗ ಮೊದಲು ಬರುವ ಉತ್ತರ, ಕುದಿಬಿಂದು ಮತ್ತು ಹಿಮಬಿಂದುಗಳಿವೆಯಲ್ಲ, ಅವುಗಳ ನಡುವೆ ನೂರು ಸಮಭಾಗ ಮಾಡಿದರಾಯಿತು, ಎಂಬುದು. ಆ ಎರಡು ಬಿಂದುಗಳ ನಡುವಿನ ಭಾಗಗಳು ಉಷ್ಣತೆಯ ಸಮಭಾಗಗಳೇ ಅಥವಾ ಬರೀ ಗಾಜಿನ ಕೊಳವೆಯ ಸಮಭಾಗಗಳೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕುದಿಬಿಂದುವೂ ಅಷ್ಟೇನೂ ಸ್ಥಿರವಾಗಿರಲಿಲ್ಲ. ವಾತಾವರಣದ ಒತ್ತಡ ಬದಲಾದರೆ ಅದು ಬದಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕಿಂತ ಕಿರಿಕಿರಿಯ ಸಂಗತಿ ಬೇರೊಂದಿದೆ. ನೀರಿನಲ್ಲಿ ಕರಗಿರುವ ಗಾಳಿಯನ್ನು ಜತನದಿಂದ ಹೊರಹಾಕಿದರೆ ಅದು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ ಎಂಬುದನ್ನು ಜಿನೀವಾದ ಡಿ ಲುಕ್ 18ನೆಯ ಶತಮಾನದಲ್ಲಿಯೇ ತೋರಿಸಿದ್ದ. ಪಾತ್ರೆಯ ಒಳಮೈ ಗಾಜಿನದೋ ಲೋಹದ್ದೋ ಎಂಬುದರ ಮೇಲೂ ವ್ಯತ್ಯಾಸವಾಗುತ್ತಿತ್ತು. ಲಂಡನ್ನಿನ ರಾಯಲ್ ಸೊಸೈಟಿ ಇದಕ್ಕಾಗಿ ಕ್ಯಾವೆಂಡಿಷ್‌ನ ನೇತೃತ್ವದಲ್ಲಿ ಒಂದು ಸಮಿತಿಯನ್ನೇ ರಚಿಸಿತು. ಆ ಸಮಿತಿ 1777ರಲ್ಲಿ ಕೊಟ್ಟ ಸಲಹೆ ಎಂದರೆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಮುಳುಗಿಸದೆ, ಅದರಿಂದ ಏಳುವ ಹಬೆಯಲ್ಲಿ ಇಡಬೇಕು ಎಂಬುದು. ಹಬೆ ಏಕೆ ಹೆಚ್ಚು ಸ್ಥಿರ ಎಂಬುದಕ್ಕೆ ಸಮರ್ಪಕವಾದ ಸಿದ್ಧಾಂತ ಅವರಲ್ಲಿ ಇರಲಿಲ್ಲ; ಸ್ಥಿರವಾಗಿದೆ ಎಂಬುದು ಮಾತ್ರ ಕಂಡಿತ್ತು, ಅಷ್ಟನ್ನೇ ಹಿಡಿದು ಮುಂದೆ ಹೋದರು.

ಮುಂದಿನ ದೊಡ್ಡ ಹೆಜ್ಜೆ 1840ರ ದಶಕದಲ್ಲಿ ಫ್ರಾನ್ಸಿನ ರೆನೋ ಇಟ್ಟದ್ದು. ಯಾವ ದ್ರವ ನಿಜವಾಗಿಯೂ ಸಮನಾಗಿ ಹಿಗ್ಗುತ್ತದೆ ಎಂಬ ಪ್ರಶ್ನೆಯನ್ನು ಆತ ಬದಿಗಿಟ್ಟ. ಅದರ ಬದಲು, ಒಂದೇ ಬಗೆಯ ಎರಡು ಥರ್ಮಾಮೀಟರುಗಳು ತಮ್ಮತಮ್ಮಲ್ಲೇ ಹೊಂದಿಕೊಳ್ಳುತ್ತವೆಯೇ ಎಂದು ಕೇಳಿದ. ಬೇರೆ ಬೇರೆ ಗಾಜಿನಿಂದ ಮಾಡಿದ ಪಾದರಸದ ಥರ್ಮಾಮೀಟರುಗಳು 0 ಮತ್ತು 100ರಲ್ಲಿ ಒಂದೇ ಅಂಕಿ ತೋರಿಸಿದರೂ, ಹೆಚ್ಚಿನ ಉಷ್ಣತೆಗಳಲ್ಲಿ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಗಾಳಿ ತುಂಬಿದ ಥರ್ಮಾಮೀಟರುಗಳು ಒಳಗಿನ ಗಾಳಿಯ ಸಾಂದ್ರತೆ ಬೇರೆಯಾಗಿದ್ದರೂ ತಾಳೆಯಾಗುತ್ತಿದ್ದವು. ಹಾಗಾಗಿ ಪಾದರಸವನ್ನು ಬಿಟ್ಟು ಗಾಳಿಯನ್ನು ಆಯ್ದುಕೊಂಡ. ಗಾಳಿಯ ಥರ್ಮಾಮೀಟರ್ ಸತ್ಯ ಹೇಳುತ್ತದೆ ಎಂದು ಆತ ಸಾಧಿಸಲಿಲ್ಲ, ಸಾಧಿಸಿದ್ದೇನೆ ಎಂದು ಹೇಳಿಕೊಳ್ಳಲೂ ಇಲ್ಲ. ತನ್ನ ಮಾತನ್ನು ತಾನೇ ಅಲ್ಲಗಳೆಯದ ಸಾಕ್ಷಿಯನ್ನು ಇಟ್ಟುಕೊಂಡು, ಅಲ್ಲಗಳೆಯುವ ಸಾಕ್ಷಿಯನ್ನು ಕೈಬಿಟ್ಟ, ಅಷ್ಟೆ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ಬ್ರಿಟಿಷ್ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ 1848ರಲ್ಲಿ ಯಾವ ವಸ್ತುವಿನ ಗುಣವನ್ನೂ ಆಶ್ರಯಿಸದ ಉಷ್ಣತೆಯ ಮಾಪನವನ್ನು ಪ್ರಸ್ತಾಪಿಸಿದ. ಅಲ್ಲಿಂದ ಹಾದಿ ಹಿಡಿದು 2019ರ ಮೇ 20ರಿಂದ ಉಷ್ಣತೆಯ ಕೆಲ್ವಿನ್ ಮಾನವನ್ನು, ಉಷ್ಣತೆಗೂ ಶಕ್ತಿಗೂ ಕೊಂಡಿಯಾದ ಬೋಲ್ಟ್ಸ್‌ಮನ್ ಸ್ಥಿರಾಂಕದ ನಿಗದಿತ ಬೆಲೆಯ ಮೇಲೆ ವ್ಯಾಖ್ಯಾನಿಸಲಾಗಿದೆ.

ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಆರಂಭದಲ್ಲಿ ಹೇಳಿದ ಸುತ್ತುಸುಳಿಯನ್ನು ಯಾರೂ ಒಂದೇ ಏಟಿಗೆ ಬಿಡಿಸಲಿಲ್ಲ ಎಂಬುದು. ಒರಟು ಉಪಕರಣದಿಂದ ಒರಟು ನಿಯಮ ಸಿಕ್ಕಿತು. ಆ ನಿಯಮ ಉಪಕರಣವನ್ನೇ ತಿದ್ದಿತು. ತಿದ್ದಿದ ಉಪಕರಣ ನಿಯಮವನ್ನು ತಿದ್ದಿತು. ಅಡಿಪಾಯ ಪೂರ್ಣವಾಗಿ ಭದ್ರವಾದ ಮೇಲೆಯೇ ಕಟ್ಟಡ ಏಳಬೇಕು ಎಂಬ ಕಲ್ಪನೆ ಅಳತೆಯ ಶಾಸ್ತ್ರಕ್ಕೆ ಹೊಂದುವುದಿಲ್ಲ. ಉಪಕರಣವನ್ನು ಮಾನಕದೊಂದಿಗೆ ತಾಳೆ ನೋಡಿ ಕೊಡುವ ಕ್ಯಾಲಿಬ್ರೇಷನ್ ಪ್ರಮಾಣಪತ್ರವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿ, ಆ ಹಾಳೆಯ ಹಿಂದೆ ಇಂಥದ್ದೊಂದು ಸರಪಳಿ ಇದೆಯೆಂದು ತಿಳಿದಿದ್ದರೆ ಅದನ್ನು ಬೇರೆ ಕಣ್ಣಿನಿಂದ ಓದುತ್ತಾನೆ.

ಅಳತೆ ಮತ್ತು ಸಿದ್ಧಾಂತ ತಾಳೆಯಾಗದಿದ್ದಾಗ ತಪ್ಪು ಯಾರದು ಎಂಬುದು ಮುಂದಿನ ಪ್ರಶ್ನೆ. ಪಾಪರ್‌ನ ಹೆಸರಿನಲ್ಲಿ ಪಠ್ಯಗಳು ಹೇಳುವುದು, ಮುನ್ಸೂಚನೆ ಸುಳ್ಳಾದರೆ ಸಿದ್ಧಾಂತವನ್ನು ಕೈಬಿಡಬೇಕು ಎಂದು. ಆತನ ನಿಲುವು ಅಷ್ಟು ಸರಳವಾಗಿರಲಿಲ್ಲ, ಆ ಮಾತು ಬೇರೆ. ಫ್ರೆಂಚ್ ಭೌತವಿಜ್ಞಾನಿ ಪಿಯರ್ ದ್ಯುಎಮ್ 20ನೆಯ ಶತಮಾನದ ಆರಂಭದಲ್ಲೇ ತೋರಿಸಿದಂತೆ ಒಂದು ಸಿದ್ಧಾಂತ ಎಂದೂ ಒಂಟಿಯಾಗಿ ಪರೀಕ್ಷೆಗೆ ನಿಲ್ಲುವುದಿಲ್ಲ; ಅದರ ಜೊತೆಗೆ ಉಪಕರಣದ ಬಗೆಗಿನ ಗೃಹೀತಗಳು, ಪರಿಸರದ ಬಗೆಗಿನ ಗೃಹೀತಗಳು, ಲೆಕ್ಕದ ಸರಳೀಕರಣಗಳು ಎಲ್ಲವೂ ನಿಂತಿರುತ್ತವೆ. ಫಲಿತಾಂಶ ತಪ್ಪಿದಾಗ ಈ ಗುಂಪಿನಲ್ಲಿ ಯಾರೋ ತಪ್ಪಿದ್ದಾರೆ ಎಂದು ಗೊತ್ತಾಗುತ್ತದೆಯೇ ಹೊರತು ಯಾರೆಂದು ಗೊತ್ತಾಗುವುದಿಲ್ಲ. ಪ್ರೋಗ್ರಾಂ ಬರೆದವರಿಗೆ ಇದು ಚಿರಪರಿಚಿತ ಸ್ಥಿತಿ: ಟೆಸ್ಟ್ ಫೇಲಾದರೆ ದೋಷ ಕೋಡಿನಲ್ಲಿರಬಹುದು, ಟೆಸ್ಟಿನಲ್ಲೇ ಇರಬಹುದು, ಲೈಬ್ರರಿಯ ಹೊಸ ಆವೃತ್ತಿಯಲ್ಲಿರಬಹುದು.

ಖಗೋಳಶಾಸ್ತ್ರದಲ್ಲಿ ಇದಕ್ಕೆ ಒಂದು ಸೊಗಸಾದ ಜೋಡಿ ಉದಾಹರಣೆ ಇದೆ. ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಲವೆರಿಯೆ ಎಂಬ ಫ್ರೆಂಚ್ ಗಣಿತಜ್ಞ ನ್ಯೂಟನ್ನನನ್ನು ಬಿಡದೆ, ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದು ತರ್ಕಿಸಿ ಅದರ ಜಾಗವನ್ನು ಲೆಕ್ಕಹಾಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಗಾಲೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನನ್ನು ಕಂಡ. ಮುಂದೆ ಬುಧಗ್ರಹದ ಚಲನೆಯಲ್ಲಿ ಹೊಂದಿಕೆಯಾಗದ ಸಣ್ಣ ಅಂತರ ಕಂಡಾಗ, 1859ರಲ್ಲಿ ಅದೇ ಲವೆರಿಯೆ ಅದೇ ತರ್ಕವನ್ನು ಹೂಡಿ ಸೂರ್ಯನ ಹತ್ತಿರ ಕಾಣದ ವಸ್ತುವೊಂದು ಇರಬೇಕೆಂದ. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು, ಕಂಡೆವು ಎಂದವರೂ ಇದ್ದರು, ಆದರೆ ಅಂಥ ಗ್ರಹ ಇರಲಿಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡಿನ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ಆ ಅಂತರಕ್ಕೆ ಉತ್ತರ ಸಿಕ್ಕಿದ್ದು 1915ರಲ್ಲಿ, ಐನ್‌ಸ್ಟೈನನು ಗುರುತ್ವದ ಸಿದ್ಧಾಂತವನ್ನೇ ಬದಲಿಸಿದಾಗ. ಒಬ್ಬನೇ ಮನುಷ್ಯ, ಒಂದೇ ಬಗೆಯ ತರ್ಕ. ಒಮ್ಮೆ ಗೆಲುವು, ಒಮ್ಮೆ ಸೋಲು. ಎಲ್ಲಿ ಸಿದ್ಧಾಂತವನ್ನು ಕಾಪಾಡಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಮುಂಚಿತವಾಗಿ ಕೈಗೆ ಸಿಗುವ ಸೂತ್ರ ಇಲ್ಲ.

2011ರ ಸೆಪ್ಟೆಂಬರಿನಲ್ಲಿ ಆಪೆರಾ ಎಂಬ ಭೌತವಿಜ್ಞಾನ ಪ್ರಯೋಗದವರು, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ ಬಂದ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪಿದಂತೆ ಕಾಣುತ್ತಿದೆ ಎಂದು ಪ್ರಕಟಿಸಿದರು. ಬೆಳಕು ಅಷ್ಟು ಹೊತ್ತಿನಲ್ಲಿ ಸಾಗುವುದು 18 ಮೀಟರ್ ಮಾತ್ರ. ಬಹುಪಾಲು ಭೌತವಿಜ್ಞಾನಿಗಳು, ಬೆಳಕಿಗಿಂತ ವೇಗವಾಗಿ ಏನೂ ಸಾಗದು ಎನ್ನುವ ಸಾಪೇಕ್ಷತೆಯನ್ನು ಬಿಡಲಿಲ್ಲ; ಅಳತೆಯಲ್ಲೇ ಏನೋ ಇದೆ ಎಂದರು. ಸರಿಯಾಗಿ ಕೂರದ ಒಂದು ಫೈಬರ್ ಆಪ್ಟಿಕ್ ಕೇಬಲ್ಲಿನ ಜೋಡಣೆ ಮುಖ್ಯ ಕಾರಣವೆಂದು 2012ರಲ್ಲಿ ತಿಳಿಯಿತು. ಇದನ್ನು ವಿಜ್ಞಾನಿಗಳ ಹಟಮಾರಿತನ ಎಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಶತಮಾನದ ಸಾಕ್ಷ್ಯ ಒಂದು ಕಡೆ, ಒಂದು ಕೇಬಲ್ಲೂ ಒಂದು ಗಡಿಯಾರವೂ ಇನ್ನೊಂದು ಕಡೆ ಇದ್ದಾಗ ಅನುಮಾನವನ್ನು ಎಲ್ಲಿ ಮೊದಲು ಇಡಬೇಕು ಎಂಬ ವಿವೇಚನೆ ಅದು. ಆಪೆರಾದವರು ತಮ್ಮ ಫಲಿತಾಂಶವನ್ನು ಮುಚ್ಚಿಡದೆ ಎಲ್ಲರ ಮುಂದೆ ಇಟ್ಟು ಪರಿಶೀಲಿಸಿ ಎಂದದ್ದು ಕೂಡ ಅದೇ ವಿವೇಚನೆಯ ಇನ್ನೊಂದು ಮುಖ.

ಕೂನ್‌ನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಕಾಲದ ವಿಜ್ಞಾನಿಗಳು ಹಂಚಿಕೊಂಡ ಚೌಕಟ್ಟು ಎಂಬ ಅರ್ಥದಲ್ಲಿ ಆತ 1962ರಲ್ಲಿ ಮುಂದಿಟ್ಟ ಪ್ಯಾರಡೈಮ್ ಎಂಬ ಪದವನ್ನು ಈಗ ಹೊಸ ಫೋನ್ ಮಾರುವವರೂ ಬಳಸುತ್ತಾರೆ. ತಾಂತ್ರಿಕ ವಿದ್ಯಾರ್ಥಿಗೆ ಆತನಿಂದ ಕಲಿಯಬೇಕಾದದ್ದು ಕ್ರಾಂತಿಯ ವಿಷಯಕ್ಕಿಂತ ಹೆಚ್ಚಾಗಿ, ಪಠ್ಯಪುಸ್ತಕದ ಕೊನೆಯ ಲೆಕ್ಕಗಳನ್ನು ಬಿಡಿಸುತ್ತಾ ಬಿಡಿಸುತ್ತಾ ನಾವು ಜಗತ್ತನ್ನು ಒಂದು ರೀತಿಯಲ್ಲಿ ನೋಡಲು ಪಳಗುತ್ತೇವೆ ಎಂಬ ಸಣ್ಣ, ಆದರೆ ನಿಖರವಾದ ಮಾತು.

ಇನ್ನು ತಂತ್ರಜ್ಞಾನ. ವಿಜ್ಞಾನಿಗಳು ನಿಯಮ ಕಂಡುಹಿಡಿಯುತ್ತಾರೆ, ಇಂಜಿನಿಯರುಗಳು ಅದನ್ನು ಅನ್ವಯಿಸುತ್ತಾರೆ ಎಂಬ ಚಿತ್ರ ಬಹಳ ಗಟ್ಟಿಯಾಗಿ ಬೇರೂರಿದೆ. ಆದರೆ ನ್ಯೂಕಮನ್‌ನ ಉಗಿ ಯಂತ್ರ 1712ರಿಂದಲೇ ಗಣಿಗಳ ನೀರನ್ನು ಎತ್ತುತ್ತಿತ್ತು. ವಾಟ್ 1769ರಲ್ಲಿ ಉಗಿಯನ್ನು ತಣಿಸುವ ಪ್ರತ್ಯೇಕ ಕಂಡೆನ್ಸರಿಗೆ ಪೇಟೆಂಟ್ ಪಡೆದ. ಉಷ್ಣಗತಿ ವಿಜ್ಞಾನದ ಮೊದಲ ಹೆಜ್ಜೆಯನ್ನು ಸಾದಿ ಕಾರ್ನೋ ಇಟ್ಟದ್ದು 1824ರಲ್ಲಿ. ಯಂತ್ರ ಮೊದಲು, ಶಾಸ್ತ್ರ ಆಮೇಲೆ. ಇದಕ್ಕಿಂತ ತಲೆ ಕೆಡಿಸುವ ಅಂಶವೆಂದರೆ, ಶಾಖವು ಕ್ಯಾಲರಿಕ್ ಎಂಬ ನಾಶವಾಗದ ದ್ರವ ಎಂದು ನಂಬಿಕೊಂಡೇ ಕಾರ್ನೋ, ಯಾವುದೇ ಉಷ್ಣಯಂತ್ರದ ದಕ್ಷತೆಗೆ ಎರಡು ಉಷ್ಣತೆಗಳು ಹಾಕುವ ಮಿತಿಯನ್ನು ಕಂಡುಕೊಂಡ. ನಂಬಿಕೆ ತಪ್ಪಾಗಿತ್ತು, ಮಿತಿ ನಿಂತಿತು. 1850ರ ಆಸುಪಾಸಿನಲ್ಲಿ ಕ್ಲಾಸಿಯಸ್ ಮತ್ತು ಥಾಮ್ಸನ್ ಅದರ ಕೆಳಗಿನ ಅಡಿಪಾಯವನ್ನು ಬದಲಿಸಿದರು. ಫಲ ಕೊಡುವ ಸಿದ್ಧಾಂತ ಸತ್ಯವೇ ಆಗಿರಬೇಕು ಎಂದು ವಾದಿಸುವವರ ಮುಂದೆ ನಾನು ಮೊದಲು ಇಡುವ ಉದಾಹರಣೆ ಇದು.

ಇಂಜಿನಿಯರಿಂಗಿಗೆ ತನ್ನದೇ ಆದ ಅರಿಯುವ ಕ್ರಮ ಇದೆ ಎಂಬುದಕ್ಕೆ 18ನೆಯ ಶತಮಾನದ ಇಂಗ್ಲಿಷ್ ಇಂಜಿನಿಯರ್ ಜಾನ್ ಸ್ಮೀಟನ್ ಒಳ್ಳೆಯ ಸಾಕ್ಷಿ. ನೀರು ಮೇಲಿಂದ ಬೀಳುವ ಚಕ್ರ ಹೆಚ್ಚು ದಕ್ಷವೋ ಅಡಿಯಲ್ಲಿ ಹರಿಯುವ ನೀರಿನಿಂದ ತಿರುಗುವ ಚಕ್ರವೋ ಎಂಬುದಕ್ಕೆ ಆ ಕಾಲದ ಪಂಡಿತರು ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಡುತ್ತಿದ್ದರು. ಸ್ಮೀಟನ್ ಪುಟ್ಟ ಮಾದರಿ ಚಕ್ರ ಕಟ್ಟಿ, ನೀರಿನ ಎತ್ತರ, ಹರಿವು, ಭಾರ, ವೇಗ ಇವುಗಳಲ್ಲಿ ಒಂದೊಂದನ್ನೇ ಬದಲಿಸುತ್ತಾ ಅಳೆದು, 1759ರಲ್ಲಿ ಫಲಿತಾಂಶಗಳನ್ನು ರಾಯಲ್ ಸೊಸೈಟಿಯ ಮುಂದಿಟ್ಟ: ಮೇಲಿಂದ ನೀರು ಬೀಳುವ ಚಕ್ರ ಸುಮಾರು ಎರಡು ಪಟ್ಟು ದಕ್ಷ. ಒಳಗಿನ ಕಾರಣ ಪೂರ್ತಿ ತಿಳಿಯದಿದ್ದರೂ ಅಂಶಗಳನ್ನು ಒಂದೊಂದಾಗಿ ಬದಲಿಸಿ, ಬೇಕಾದ ವ್ಯಾಪ್ತಿಯೊಳಗೆ ನಂಬಬಹುದಾದ ಕೋಷ್ಟಕ ಕಟ್ಟುವ ಈ ವಿಧಾನವೇ ಇಂದಿಗೂ ವಿನ್ಯಾಸದ ಬಹುಪಾಲು ಕೆಲಸವನ್ನು ಹೊರುತ್ತದೆ.

ಇದೇ ಸ್ಮೀಟನ್ನನ ಹೆಸರಿನಲ್ಲಿ ಇನ್ನೊಂದು ಪಾಠವೂ ಇದೆ. ಗಾಳಿಯ ವೇಗದಿಂದ ಅದು ಹಾಕುವ ಒತ್ತಡವನ್ನು ಲೆಕ್ಕಹಾಕಲು 0.005 ಎಂಬ ಗುಣಾಂಕವೊಂದು, ಪೌಂಡು-ಅಡಿ-ಮೈಲಿಗಳ ಮಾನದಲ್ಲಿ, ಆತನ ಹೆಸರು ಹೊತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಕೈಪಿಡಿಯಿಂದ ಕೈಪಿಡಿಗೆ ಹರಿದುಬಂತು. ರೈಟ್ ಸಹೋದರರು ಅದನ್ನೇ ನಂಬಿ ಕಟ್ಟಿದ 1901ರ ಗ್ಲೈಡರ್, ಲೆಕ್ಕದಲ್ಲಿ ಬಂದ ಎತ್ತುವ ಬಲದ ಮೂರನೆಯ ಒಂದು ಭಾಗವನ್ನಷ್ಟೇ ಕೊಟ್ಟಿತು. ರೆಕ್ಕೆಯ ಆಕಾರದ ಕೋಷ್ಟಕ ತಪ್ಪೋ, ಈ ಗುಣಾಂಕ ತಪ್ಪೋ, ತಮ್ಮ ರೆಕ್ಕೆಯೇ ಬೇರೆ ಬಗೆಯದೋ? ದ್ಯುಎಮ್ ಹೇಳಿದ ಗೋಜಲು ಇಲ್ಲಿ ಇಬ್ಬರು ಸೈಕಲ್ ತಯಾರಕರ ಮುಂದೆ ನಿಂತಿತ್ತು. ಅವರು ಗಾಳಿ ಸುರಂಗ ಕಟ್ಟಿದರು. ಗರಗಸದ ಅಲಗುಗಳು ಮತ್ತು ಸೈಕಲ್ ಕಡ್ಡಿಗಳ ತಂತಿಯಿಂದ ಒಂದು ತಕ್ಕಡಿ ಮಾಡಿದರು. ರೆಕ್ಕೆಯ ಎತ್ತುವ ಬಲವನ್ನು ಅದೇ ಗಾಳಿಗೆ ಎದುರಾಗಿ ನಿಂತ ಚಪ್ಪಟೆ ಪಟ್ಟಿಗಳ ಮೇಲಿನ ಒತ್ತಡದೊಂದಿಗೆ ತೂಗುವ ರಚನೆ ಅದು. ಎರಡರ ಮೇಲೂ ಬೀಸುವ ಗಾಳಿ ಒಂದೇ ಆದ್ದರಿಂದ, ಅನುಮಾನಕ್ಕೆ ಒಳಗಾದ ಗುಣಾಂಕ ಲೆಕ್ಕದಿಂದ ತಾನಾಗಿಯೇ ಹೊರಬೀಳುತ್ತಿತ್ತು. ಒಬ್ಬ ಆರೋಪಿಯನ್ನು ಕೋಣೆಯಿಂದ ಹೊರಗೆ ಕಳುಹಿಸಿ ಉಳಿದವರನ್ನು ವಿಚಾರಿಸಿದಂತೆ. ಗುಣಾಂಕವನ್ನು ಗ್ಲೈಡರಿನ ಅಳತೆಗಳಿಂದ ಪ್ರತ್ಯೇಕವಾಗಿ ತೆಗೆದು, 0.0033ರ ಆಸುಪಾಸಿನದು ಎಂದು ನಿರ್ಧರಿಸಿದರು. ಇಂದಿನ ಬೆಲೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಒಳ್ಳೆಯ ಪ್ರಯೋಗ ವಿನ್ಯಾಸ ಎಂದರೆ ಏನು ಎಂದು ಕೇಳುವವರಿಗೆ ಆ ತಕ್ಕಡಿಯ ಚಿತ್ರವನ್ನು ತೋರಿಸಬೇಕು ಎನ್ನಿಸುತ್ತದೆ.

ಬರಹದಲ್ಲಿ ಬಾರದ ತಿಳಿವಳಿಕೆಯೂ ಇಲ್ಲಿ ಸೇರಿಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ಒಂದು ಹೊಸ ಬಗೆಯ ಲೇಸರನ್ನು ಕಟ್ಟುತ್ತಿದ್ದ ಬ್ರಿಟಿಷ್ ಪ್ರಯೋಗಾಲಯಗಳನ್ನು ಅಧ್ಯಯನ ಮಾಡಿದ ಹ್ಯಾರಿ ಕಾಲಿನ್ಸ್ ಎಂಬ ಸಮಾಜವಿಜ್ಞಾನಿ, ಪ್ರಕಟಿತ ಲೇಖನಗಳನ್ನು ಮಾತ್ರ ಓದಿಕೊಂಡು ಅದನ್ನು ಯಶಸ್ವಿಯಾಗಿ ಕಟ್ಟಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಿದರು. ಈಗಾಗಲೇ ಕಟ್ಟಿದ್ದವರ ಒಡನಾಟ ಬೇಕಾಗಿತ್ತು. ಪ್ರಯೋಗಾಲಯದ ದಾಖಲೆಪುಸ್ತಕವನ್ನು ನಕಲು ಮಾಡಿ ಒಪ್ಪಿಸುವ ಪದ್ಧತಿಯಿಂದ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಒಂದು ಹೇಳಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ವ್ಯಾಪ್ತಿಯ ಪ್ರಶ್ನೆ ಅತ್ಯಂತ ದುಬಾರಿಯಾಗಿ ಎದ್ದು ನಿಂತದ್ದು ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆಯಲ್ಲಿ. 1940ರ ಜುಲೈ 1ರಂದು ಸಂಚಾರಕ್ಕೆ ತೆರೆದು, ಅದೇ ವರ್ಷದ ನವೆಂಬರ್ 7ರಂದು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದ ಗಾಳಿಗೆ ಅದು ತಿರುಚಿಕೊಂಡು ಮುರಿದುಬಿತ್ತು. ಇದು ಅನುರಣನೆಗೆ ಉದಾಹರಣೆ ಎಂದು ಎಷ್ಟೋ ಭೌತಶಾಸ್ತ್ರದ ಪುಸ್ತಕಗಳು ಹೇಳಿಕೊಂಡು ಬಂದಿವೆ: ಗಾಳಿಯ ಸುಳಿಗಳ ಆವರ್ತನವೂ ಸೇತುವೆಯ ಸಹಜ ಆವರ್ತನವೂ ಒಂದಾದವು, ಕಂಪನ ಬೆಳೆಯಿತು, ಸೇತುವೆ ಬಿತ್ತು. ಬಿಲ್ಲಾ ಮತ್ತು ಸ್ಕ್ಯಾನ್ಲನ್ ಎಂಬ ಸಂಶೋಧಕರು 1991ರಲ್ಲಿ ಈ ವಿವರಣೆಯನ್ನು ಬಿಚ್ಚಿ ನೋಡಿದರು. ಆ ಗಾಳಿಯಲ್ಲಿ ಸುಳಿಗಳು ಸೆಕೆಂಡಿಗೆ ಸುಮಾರು ಒಂದು ಬಾರಿ ಕಳಚಿಕೊಳ್ಳಬೇಕಿತ್ತು. ಸೇತುವೆ ತಿರುಚುತ್ತಿದ್ದದ್ದು ಸುಮಾರು ಐದು ಸೆಕೆಂಡಿಗೆ ಒಂದು ಬಾರಿ. ಎರಡೂ ಒಂದಾಗುವ ಮಾತೇ ಇಲ್ಲ. ನಡೆದದ್ದು ಫ್ಲಟರ್: ಸೇತುವೆಯ ಸ್ವಂತ ಚಲನೆಯೇ ಗಾಳಿಯ ಬಲವನ್ನು ಬದಲಿಸಿ, ಆ ಬಲ ಚಲನೆಗೆ ಇನ್ನಷ್ಟು ಶಕ್ತಿ ತುಂಬುವ ಸ್ವಯಂಪ್ರೇರಿತ ಕ್ರಿಯೆ. ಅಲ್ಲಿ ಹೊರಗಿನಿಂದ ತಾಳ ಹಾಕುವವರು ಯಾರೂ ಬೇಕಿಲ್ಲ.

ವಿವರಣೆ ಮನಸ್ಸಿಗೆ ಹಿಡಿಸುವುದೂ ಸರಿಯಾಗಿರುವುದೂ ಬೇರೆ ಬೇರೆ ಸಂಗತಿಗಳು ಎಂಬುದಕ್ಕೆ ಈ ಪ್ರಕರಣ ಸಾಕು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ವಿನ್ಯಾಸದ ಹಿಂದಿನ ತರ್ಕ. 853 ಮೀಟರ್ ಉದ್ದದ ಮುಖ್ಯ ಅಂಕಣಕ್ಕೆ ಅಗಲ 12 ಮೀಟರ್ ಮಾತ್ರ, 72ಕ್ಕೆ 1ರ ಅನುಪಾತ; ಪಕ್ಕದ ಗರ್ಡರುಗಳ, ಎಂದರೆ ಹಾಸನ್ನು ಹೊರುವ ಉದ್ದನೆಯ ಉಕ್ಕಿನ ತೊಲೆಗಳ, ಎತ್ತರ 2.4 ಮೀಟರ್. ತೂಗುಸೇತುವೆಗಳು ಒಂದಾದ ಮೇಲೊಂದು ತೆಳ್ಳಗಾಗುತ್ತಾ ಬಂದಿದ್ದವು. ಹಿಂದಿನದು ನಿಂತಿದೆ ಎಂಬುದೇ ಮುಂದಿನದನ್ನು ಇನ್ನಷ್ಟು ತೆಳ್ಳಗೆ ಕಟ್ಟಲು ಆಧಾರವಾಗಿತ್ತು. ಲೆಕ್ಕಕ್ಕೆ ಬಳಸಿದ ಸಿದ್ಧಾಂತ ಗಾಳಿಯನ್ನು ಪಕ್ಕದಿಂದ ಒತ್ತುವ ಸ್ಥಿರ ಬಲವಾಗಿ ಕಂಡಿತ್ತು, ಆ ದೃಷ್ಟಿಯಿಂದ ಸೇತುವೆ ಬಲವಾಗಿಯೇ ಇತ್ತು. ಬ್ರೈಟನ್‌ನ ತೂಗು ಬಂದರುಕಟ್ಟೆ 1836ರಲ್ಲಿ, ವೀಲಿಂಗ್ ಸೇತುವೆ 1854ರಲ್ಲಿ ಗಾಳಿಗೆ ಹೊಯ್ದಾಡಿ ಮುರಿದದ್ದು ದಾಖಲೆಯಲ್ಲಿತ್ತು. ಆದರೆ ಲೆಕ್ಕದ ಮಾದರಿಯಲ್ಲಿ ಆ ಬಗೆಯ ಚಲನೆಗೆ ಜಾಗವೇ ಇರಲಿಲ್ಲವಾದ್ದರಿಂದ ಅವು ಹಳೆಯ ಕಾಲದ ಕಸಬಿನ ಕೊರತೆಯಾಗಿ ಕಂಡವು. ಹ್ಯೂಮ್ 1739ರಲ್ಲಿ ಎತ್ತಿದ ಪ್ರಶ್ನೆ, ಇಲ್ಲಿಯವರೆಗೆ ನಡೆದಂತೆ ಮುಂದೆಯೂ ನಡೆಯುತ್ತದೆ ಎನ್ನಲು ನಮಗಿರುವ ಹಕ್ಕು ಯಾವುದು ಎಂಬುದು, ತರಗತಿಯಲ್ಲಿ ಬಾಯಿಪಾಠದಂತೆ ಕೇಳಿಸುತ್ತದೆ. ಆ ತೆಳ್ಳಗಿನ ಹಾಸಿನ ಮೇಲೆ ಅದೇ ಪ್ರಶ್ನೆ ನಿಜವಾದ ತೂಕದೊಂದಿಗೆ ನಿಂತಿತ್ತು.

ಯಶಸ್ಸನ್ನು ಸಾಕ್ಷ್ಯವೆಂದು ತಪ್ಪಾಗಿ ಓದುವ ಇನ್ನೊಂದು ಬಗೆಯನ್ನು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ದುರಂತದ ತನಿಖೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಬಯಲಿಗೆಳೆದರು. 1986ರ ಜನವರಿ 28ರಂದು ಏಳು ಜನರೊಂದಿಗೆ ಆ ನೌಕೆ ನಾಶವಾಗುವ ಮೊದಲೇ, ಹಿಂದಿನ ಹಲವು ಹಾರಾಟಗಳಲ್ಲಿ ರಾಕೆಟ್ಟಿನ ಜೋಡಣೆಯ ರಬ್ಬರ್ ಉಂಗುರಗಳು ಸವೆದಿದ್ದವು. ಒಂದರಲ್ಲಿ ಸವೆತ ಉಂಗುರದ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟಿತ್ತು. ಪೂರ್ತಿ ವೈಫಲ್ಯಕ್ಕೆ ಅದರ ಮೂರು ಪಟ್ಟು ಸವೆಯಬೇಕು, ಆದ್ದರಿಂದ ನಮಗೆ ಮೂರರ ಸುರಕ್ಷತಾ ಗುಣಕ ಇದೆ ಎಂದು ವಾದಿಸಲಾಗಿತ್ತು. ಫೈನ್‌ಮನ್ನರ ಉತ್ತರದ ಸಾರ ಹೀಗೆ: ಸೇತುವೆಯ ತೊಲೆ ನಿಗದಿತ ಭಾರಕ್ಕೆ ಬಿರುಕು ಬಿಡಬಾರದು ಎಂಬುದು ವಿನ್ಯಾಸ, ಆ ಭಾರಕ್ಕೆ ಮೂರನೆಯ ಒಂದು ಭಾಗ ಬಿರುಕು ಬಿಟ್ಟರೆ ಸೇತುವೆ ಬೀಳದಿದ್ದರೂ ವಿನ್ಯಾಸ ಸೋತಿದೆ, ಸುರಕ್ಷತಾ ಗುಣಕ ಅಲ್ಲಿ ಇಲ್ಲವೇ ಇಲ್ಲ. ಉಂಗುರ ಸವೆಯಲೇಬಾರದಿತ್ತು. ವೈಫಲ್ಯದ ಸಂಭವನೀಯತೆ ನೂರರಲ್ಲಿ ಒಂದರ ಆಸುಪಾಸು ಎಂದು ಕೆಲಸ ಮಾಡುವ ಇಂಜಿನಿಯರುಗಳೂ, ಲಕ್ಷದಲ್ಲಿ ಒಂದು ಎಂದು ಆಡಳಿತದವರೂ ಅಂದಾಜಿಸುತ್ತಿದ್ದರು ಎಂಬುದನ್ನೂ ಅವರು ದಾಖಲಿಸಿದರು. ಸುರಕ್ಷತಾ ಗುಣಕ ನಮಗೆ ತಿಳಿಯದೆ ಇರುವುದಕ್ಕೆ ನಾವು ಕಾಯ್ದಿರಿಸುವ ಜಾಗ. ತಿಳಿದೂ ಕಡೆಗಣಿಸಿದ ದೋಷವನ್ನು ಅಲ್ಲಿ ತುಂಬಿದರೆ ಆ ಜಾಗ ಮುಗಿದುಹೋಗುತ್ತದೆ.

ಸಾಕ್ಷ್ಯ ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಬರೀ ಸಂಖ್ಯಾಶಾಸ್ತ್ರ ಉತ್ತರ ಕೊಡಲಾರದು. ರಿಚರ್ಡ್ ರಡ್ನರ್ ಎಂಬ ತತ್ತ್ವಜ್ಞಾನಿ 1953ರಲ್ಲಿ ಮುಂದಿಟ್ಟ ವಾದ ಇಂಜಿನಿಯರುಗಳಿಗೇ ಬರೆದಂತಿದೆ: ತಪ್ಪಾದರೆ ಆಗುವ ಹಾನಿ ಎಷ್ಟು ಗಂಭೀರವೋ ಅದಕ್ಕೆ ತಕ್ಕಂತೆ ಬೇಕಾದ ಸಾಕ್ಷ್ಯವೂ ಏರುತ್ತದೆ, ಹಾನಿ ಎಷ್ಟು ಗಂಭೀರ ಎಂಬುದು ಮೌಲ್ಯದ ನಿರ್ಣಯ. ನೀತಿಶಾಸ್ತ್ರ ಕೊನೆಯ ಸೆಮಿಸ್ಟರಿನ ಪ್ರತ್ಯೇಕ ವಿಷಯ, ವಿನ್ಯಾಸದ ಲೆಕ್ಕ ಮೌಲ್ಯಗಳಿಂದ ಹೊರಗಿರುವ ವಿಷಯ ಎಂಬ ವಿಂಗಡಣೆ ಈ ವಾದದ ಮುಂದೆ ನಿಲ್ಲುವುದಿಲ್ಲ. 95 ಪ್ರತಿಶತ ಎಂದು ಬರೆದಾಗಲೇ ಉಳಿದ 5ರ ಹೊರೆಯನ್ನು ಯಾರೋ ಹೊರಲಿ ಎಂದು ನಿರ್ಧರಿಸಿರುತ್ತೇವೆ.

ಪರೀಕ್ಷೆಯಿಂದ ಪ್ರೋಗ್ರಾಂನಲ್ಲಿ ದೋಷವಿದೆ ಎಂದು ತೋರಿಸಬಹುದೇ ಹೊರತು ದೋಷವಿಲ್ಲ ಎಂದು ತೋರಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿದ್ದನ್ನು ಕಂಪ್ಯೂಟರ್ ವಿಭಾಗದವರೆಲ್ಲ ಕೇಳಿರುತ್ತಾರೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಪ್ರಕರಣ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1985ರಿಂದ 1987ರ ನಡುವೆ ಆರು ಬಾರಿ ಅದು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ನಿರ್ವಾಹಕರು ಪರದೆಯ ಮೇಲೆ ಚಿಕಿತ್ಸೆಯ ವಿವರಗಳನ್ನು ತುಂಬಿ, ಆಯಸ್ಕಾಂತಗಳು ತಮ್ಮ ಸ್ಥಿತಿಗೆ ಬರಲು ಬೇಕಾದ ಸುಮಾರು 8 ಸೆಕೆಂಡಿನೊಳಗೆ ತಿದ್ದುಪಡಿ ಮುಗಿಸಿದರೆ, ಆ ತಿದ್ದುಪಡಿ ಯಂತ್ರದ ಒಂದು ಭಾಗಕ್ಕೆ ತಲುಪುತ್ತಿರಲಿಲ್ಲ. ನಿಧಾನವಾಗಿ ಟೈಪ್ ಮಾಡುವವರ ಕೈಯಲ್ಲಿ ದೋಷ ಕಾಣುತ್ತಿರಲಿಲ್ಲ. ಕೈ ಪಳಗಿ ವೇಗ ಬಂದ ಮೇಲೆ ಕಾಣಿಸಿಕೊಂಡಿತು. ಇದರ ಹಿಂದಿನ ಥೆರಾಕ್-20ರಲ್ಲಿಯೂ ಅದೇ ದೋಷ ಇತ್ತು ಎಂದು ಆಮೇಲೆ ತಿಳಿಯಿತು. ಅಲ್ಲಿ ಹಾರ್ಡ್‌ವೇರಿನ ಸ್ವತಂತ್ರ ರಕ್ಷಣೆ ಇದ್ದುದರಿಂದ ಫ್ಯೂಸ್ ಹೋಗುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಹಳೆಯ ಯಂತ್ರ ಸುರಕ್ಷಿತವಾಗಿ ನಡೆದ ವರ್ಷಗಳೆಲ್ಲ ಫ್ಯೂಸಿನ ಪರವಾದ ಸಾಕ್ಷ್ಯವಾಗಿದ್ದವು. ಅದನ್ನು ಸಾಫ್ಟ್‌ವೇರಿನ ಪರವಾದ ಸಾಕ್ಷ್ಯ ಎಂದು ಓದಿಕೊಂಡು, ಹೊಸ ಯಂತ್ರದಿಂದ ಆ ರಕ್ಷಣೆಯನ್ನೇ ತೆಗೆಯಲಾಗಿತ್ತು.

ಮಷೀನ್ ಲರ್ನಿಂಗ್, ಎಂದರೆ ದತ್ತಾಂಶದಿಂದ ಕಂಪ್ಯೂಟರಿಗೆ ಕಲಿಸುವ ವಿದ್ಯೆ, ಓದುತ್ತಿರುವವರಿಗೆ ಇದೇ ಪ್ರಶ್ನೆ ಹೊಸ ವೇಷದಲ್ಲಿ ಎದುರಾಗುತ್ತದೆ. ದತ್ತಾಂಶವನ್ನು ಎರಡು ಪಾಲು ಮಾಡಿ, ಒಂದರಿಂದ ಕಲಿಸಿ, ಇನ್ನೊಂದರಿಂದ ಪರೀಕ್ಷಿಸಿ, ನಿಖರತೆ ಇಷ್ಟು ಎಂದು ವರದಿ ಬರೆಯುವುದು ರೂಢಿ. ಪರೀಕ್ಷೆಯ ಪಾಲೂ ಕಲಿಕೆಯ ಪಾಲೂ ಒಂದೇ ಮೂಲದಿಂದ ಬಂದಿರುವುದರಿಂದ, ಮೂಲದಲ್ಲೇ ಇರುವ ಓರೆಯನ್ನು ಈ ಪರೀಕ್ಷೆ ಕಾಣಲಾರದು. 1990ರ ದಶಕದಲ್ಲಿ ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು ಎಂದು ಮುನ್ಸೂಚಿಸುವ ಹಲವು ಮಾದರಿಗಳನ್ನು ಅಮೆರಿಕದಲ್ಲಿ ಹೋಲಿಸಿ ನೋಡಲಾಯಿತು. ನಿಖರತೆಯಲ್ಲಿ, ಒಳಗಿನ ಲೆಕ್ಕವನ್ನು ಮನುಷ್ಯರು ಓದಲು ಬಾರದ ನ್ಯೂರಲ್ ನೆಟ್‌ವರ್ಕ್ ಎಂಬ ಮಾದರಿ ಮುಂದಿತ್ತು. ಆದರೆ ಅದೇ ದತ್ತಾಂಶದಿಂದ ಓದಬಲ್ಲ ನಿಯಮಗಳನ್ನು ಕಲಿತ ಇನ್ನೊಂದು ಮಾದರಿ, ಆಸ್ತಮಾ ಇರುವವರಿಗೆ ಅಪಾಯ ಕಡಿಮೆ ಎಂಬ ನಿಯಮವನ್ನು ಹೊರಹಾಕಿತು. ದತ್ತಾಂಶ ಸುಳ್ಳು ಹೇಳಿರಲಿಲ್ಲ. ಆಸ್ತಮಾ ಇರುವ ನ್ಯುಮೋನಿಯಾ ರೋಗಿಗಳನ್ನು ಆಸ್ಪತ್ರೆಯಲ್ಲಿ ತೀವ್ರ ನಿಗಾದಲ್ಲಿಟ್ಟು ಚಿಕಿತ್ಸೆ ನೀಡುತ್ತಿದ್ದರಿಂದ ಅವರಲ್ಲಿ ಸಾವು ನಿಜಕ್ಕೂ ಕಡಿಮೆಯಾಗಿತ್ತು. ಆ ಮಾದರಿಯ ಮಾತು ಕೇಳಿ ಅವರನ್ನು ಮನೆಗೆ ಕಳುಹಿಸಿದ್ದರೆ, ಸಾವು ಕಡಿಮೆಯಾಗಲು ಕಾರಣವಾಗಿದ್ದ ಚಿಕಿತ್ಸೆಯೇ ತಪ್ಪಿಹೋಗುತ್ತಿತ್ತು.

ಆ ತಂಡದವರು ನ್ಯೂರಲ್ ನೆಟ್‌ವರ್ಕನ್ನು ರೋಗಿಗಳ ಮೇಲೆ ಬಳಸದಿರಲು ನಿರ್ಧರಿಸಿ, ನಿಖರತೆಯಲ್ಲಿ ಅದಕ್ಕಿಂತ ಹಿಂದಿದ್ದ, ಒಳಗೇನಿದೆ ಎಂದು ಕಾಣಿಸುವ ಸರಳ ಮಾದರಿಯನ್ನು ಆಯ್ದುಕೊಂಡರು. ಆಸ್ತಮಾದ ನಿಯಮವೊಂದೇ ಸಮಸ್ಯೆಯಾಗಿದ್ದರೆ ಅದನ್ನು ಸರಿಪಡಿಸಬಹುದಿತ್ತು. ಓದಲು ಬಾರದ ಮಾದರಿಯೊಳಗೆ ಅಂಥದ್ದೇ ಇನ್ನೆಷ್ಟು ಅಡಗಿವೆಯೋ ಎಂಬುದು ಅವರ ಆತಂಕವಾಗಿತ್ತು. ನಾನು ಈ ಪ್ರಕರಣವನ್ನು ಕೊಟ್ಟು ವಿದ್ಯಾರ್ಥಿಗಳಿಂದ ಒಂದು ಪುಟ ಬರೆಸುತ್ತೇನೆ. ಹೆಚ್ಚು ನಿಖರವಾದದ್ದನ್ನು ಬಿಟ್ಟದ್ದು ಸರಿಯೇ, ಸರಿಯಾದರೆ ನಿಖರತೆ ಎಂಬ ಅಂಕಿ ಅಳೆಯುತ್ತಿದ್ದದ್ದು ಏನನ್ನು ಎಂಬುದು ಪ್ರಶ್ನೆ. ಉತ್ತರಗಳು ಎರಡು ಕಡೆಗೂ ಬರುತ್ತವೆ. ನಿಖರತೆಯ ಪರವಾಗಿ ಬರೆಯುವವರಲ್ಲಿ ಒಳ್ಳೆಯ ವಾದ ಮಾಡುವವರೂ ಇರುತ್ತಾರೆ: ಸರಳ ಮಾದರಿ ಗುರುತಿಸದೆ ಬಿಟ್ಟ ರೋಗಿಗಳೂ ಮನುಷ್ಯರೇ, ಅವರ ಲೆಕ್ಕವನ್ನು ಎಲ್ಲಿ ಇಟ್ಟಿದ್ದೀರಿ ಎಂದು ಅವರು ಕೇಳುತ್ತಾರೆ.